ನಮ್ಮ ಓಣಿಯ ಮಿಲಿಂದ ಯಾರು? ಒಂದು ಹಳೇ ನಾಣ್ಯ ಹೇಳುವ ಮಾತು



ಪೋಸ್ಟ್ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ. ಅರ್ಧಕ್ಕ ಬಿಟ್ಟರೆ ತಪ್ಪು ಅರ್ಥ ಆಗುವ ವಿಷಯ ಇದು.

ಸದಲಗಾ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಭಾಗದ ಯಾವ ಊರಿನ ನಮ್ಮ ಓಣಿಗೆ ಹೋದರೂ ಒಬ್ಬನಾದರೂ ಮಿಲಿಂದ ಸಿಗ್ತಾನ. ಸಿದ್ಧಾರ್ಥ, ರಾಹುಲ, ಆನಂದ, ಗೌತಮ ಇದ್ದಂಗ ಮಿಲಿಂದನೂ ನಮ್ಮ ಮಕ್ಕಳ ಹೆಸರು. ಸಿದ್ಧಾರ್ಥ ಯಾರು, ರಾಹುಲ ಯಾರು ಅಂದರೆ ಸಣ್ಣ ಹುಡುಗರೂ ಹೇಳ್ತಾರ. ಮಿಲಿಂದ ಯಾರು ಅಂತ ಕೇಳಿದರೆ ಮಾತ್ರ ದೊಡ್ಡವರೂ ಸುಮ್ಮನಾಗ್ತಾರ. ಮರಾಠಿ ಬಲ್ಲವರು 'ದುಂಬಿ' ಅಂತ ಅರ್ಥ ಹೇಳ್ತಾರ. ಆದರೆ ನಮ್ಮ ಮಿಲಿಂದ ದುಂಬಿ ಅಲ್ಲ. ಈಗಿನ ಪಾಕಿಸ್ತಾನದ ಸಿಯಾಲ್‌ಕೋಟದಿಂದ ಆಳಿದ ಒಬ್ಬ ಗ್ರೀಕ್ ರಾಜ. ಗ್ರೀಕರಿಗೆ ಆತ ಮೆನಾಂಡ್ರೋಸ್, ಇಂಗ್ಲಿಷ್ ಪುಸ್ತಕದಲ್ಲಿ ಮೆನಾಂಡರ್, ಪಾಲಿ ಬರೆದ ಭಿಕ್ಖುಗಳ ಬಾಯಲ್ಲಿ ಮಿಲಿಂದ.

ವೈಶಾಖ ಹುಣ್ಣಿಮೆ ಹತ್ರ ಬಂತಂದರೆ ನಮ್ಮ ಗ್ರೂಪುಗಳಲ್ಲಿ ಅವನ ಬಗ್ಗೆ ಫಾರ್ವರ್ಡ್ ಸುರುವಾಗ್ತಾವ. 'ಬೌದ್ಧ ಸಾಮ್ರಾಟ ಮಿಲಿಂದ, ಮನುವಾದಿಗಳು ಮುಚ್ಚಿಟ್ಟ ಇತಿಹಾಸ' ಅನ್ನೋ ಧಾಟಿಯ ತಲೆಬರಹ, ಕೆಳಗ ಒಂದು ನಾಣ್ಯದ ಫೋಟೋ, ನಾಣ್ಯದ ಮೇಲೆ ಚಕ್ರ, ಆಯ್ತು, ಮುಗೀತು. ಇದರಲ್ಲಿ ಸ್ವಲ್ಪ ಖರೆ ಐತಿ, ಸ್ವಲ್ಪ ನಾವೇ ಸೇರಿಸಿಕೊಂಡದ್ದು ಐತಿ. ಎರಡನ್ನೂ ಬೇರೆ ಮಾಡಿ ನೋಡೋಣ. ಖರೆ ಇದ್ದಷ್ಟೇ ಉಳಿಸಿಕೊಂಡರೂ ನಮಗೆ ನಷ್ಟ ಇಲ್ಲ, ಲಾಭನೇ ಐತಿ ಅನ್ನೋದು ನನ್ನ ಮಾತು.

ಮೊದಲು ಕಾಲ ತಿಳ್ಕೋಬೇಕು. ಅಲೆಕ್ಸಾಂಡರ್ ಸತ್ತದ್ದು ಕ್ರಿ.ಪೂ. 323ರಲ್ಲಿ. ಅವನ ಸೇನಾಪತಿಗಳು ರಾಜ್ಯ ಹಂಚಿಕೊಂಡರು. ಆ ಹಂಚಿಕೆಯ ಪೂರ್ವದ ತುದಿಯಲ್ಲಿ ಬ್ಯಾಕ್ಟ್ರಿಯ, ಅಂದರೆ ಈಗಿನ ಅಫ್ಘಾನಿಸ್ತಾನದ ಬಲ್ಖ್ ಕಡೆಯ ಸೀಮೆ. ಅಲ್ಲಿಯ ಗ್ರೀಕರು ಕ್ರಿ.ಪೂ. 250ರ ಸುಮಾರಿಗೆ ಸ್ವತಂತ್ರರಾದರು. ಮೌರ್ಯರ ಬಲ ಕುಗ್ಗಿದ ಮೇಲೆ ಹಿಂದೂಕುಶ್ ಬೆಟ್ಟ ದಾಟಿ ಗಂಧಾರಕ್ಕೆ, ಪಂಜಾಬಕ್ಕೆ ಬಂದರು. ನಮ್ಮ ಹಳೇ ಪುಸ್ತಕಗಳು ಇವರನ್ನ ಯವನರು ಅಂತಾವ, ಪಾಲಿಯಲ್ಲಿ ಯೋನಕರು. ಇವರೊಳಗ ಎಲ್ಲರಿಗಿಂತ ಹೆಸರಾದವನು ಮೆನಾಂಡರ್. ಆಳಿದ್ದು ಸುಮಾರು ಕ್ರಿ.ಪೂ. 155ರಿಂದ 130ರವರೆಗೆ. ಅದೇ ಹೊತ್ತಿನಲ್ಲಿ ಅತ್ತ ಗ್ರೀಸ್ ದೇಶವನ್ನ ರೋಮನರು ನುಂಗ್ತಿದ್ದರು. ಕ್ರಿ.ಪೂ. 146ರಲ್ಲಿ ಕೊರಿಂಥ್ ಪಟ್ಟಣವನ್ನ ನೆಲಸಮ ಮಾಡಿದರು. ಗ್ರೀಕರ ತಾಯಿನಾಡಿನ ದೀಪ ಆರುವಾಗ ಅವರ ಒಬ್ಬ ರಾಜ ನಮ್ಮ ಉಪಖಂಡದಲ್ಲಿ ನಾಣ್ಯ ಹೊಡೀತಿದ್ದ.

ಈ ರಾಜನ ಬಗ್ಗೆ ಬರೆದದ್ದು ಎಷ್ಟು ಸಿಗತೈತಿ? ಗ್ರೀಕ್ ಕಡೆ ಭಾಳ ಕಮ್ಮಿ. ಅಲೆಕ್ಸಾಂಡರನಿಗಿಂತ ಹೆಚ್ಚು ಜನಾಂಗಗಳನ್ನ ಗೆದ್ದವರಲ್ಲಿ ಇವನೂ ಒಬ್ಬ ಅಂತ ಸ್ಟ್ರಾಬೋ ಹೇಳ್ತಾನ. ಮೆನಾಂಡರ್ ದಂಡಿನ ಬಿಡಾರದಲ್ಲಿ ಸತ್ತ, ಅವನ ಬೂದಿಗಾಗಿ ಊರೂರಿನವರು ಪೈಪೋಟಿ ಮಾಡಿ ಕೊನೆಗೆ ಹಂಚಿಕೊಂಡು ಸ್ಮಾರಕ ಕಟ್ಟಿದರು ಅಂತ ಪ್ಲುಟಾರ್ಕ್ ಬರೀತಾನ. ಬುದ್ಧನ ಅಸ್ಥಿ ಹಂಚಿಕೊಂಡ ಕಥೆ ಗೊತ್ತಿದ್ದವರಿಗೆ ಇದು ಎಲ್ಲೋ ಕೇಳಿದಂಗ ಅನಿಸ್ತೈತಿ.

ಸಂಸ್ಕೃತದ ಕಡೆ ನೋಡಿದರೆ, ಪುರಾಣಗಳ ರಾಜವಂಶದ ಪಟ್ಟಿಯಲ್ಲಿ ಎಂಟು ಮಂದಿ ಯವನ ರಾಜರು ಆಳಿದರು ಅಂತ ಲೆಕ್ಕ ಐತಿ, ಹೆಸರು ಇಲ್ಲ. ಪತಂಜಲಿಯ ವ್ಯಾಕರಣದಲ್ಲಿ ಯವನ ಸಾಕೇತವನ್ನ ಮುತ್ತಿದ ಅಂತ ಒಂದು ಉದಾಹರಣೆ ಬರತೈತಿ, ಅಲ್ಲೂ ಹೆಸರು ಇಲ್ಲ. ಇಷ್ಟು ದೊಡ್ಡ ರಾಜನ ಹೆಸರು ಈ ಸಾಹಿತ್ಯಕ್ಕೆ ಬೇಕಾಗಿರಲಿಲ್ಲ.

ಹಂಗಾದರೆ ಹೆಸರು ಎಲ್ಲಿ ಉಳೀತು? ಎರಡು ಕಡೆ. ಒಂದು, ಭಿಕ್ಖುಗಳು ಬಾಯಿಂದ ಬಾಯಿಗೆ ದಾಟಿಸಿ ಆಮೇಲೆ ಬರೆದಿಟ್ಟ 'ಮಿಲಿಂದಪಞ್ಹ', ಅಂದರೆ ಮಿಲಿಂದನ ಪ್ರಶ್ನೆಗಳು. ಎರಡು, ಮಣ್ಣಿನೊಳಗ ಬಿದ್ದ ಸಾವಿರಾರು ನಾಣ್ಯ. ಭಾರತದ ಗ್ರೀಕ್ ರಾಜರಲ್ಲಿ ಅತೀ ಹೆಚ್ಚು ನಾಣ್ಯ ಸಿಕ್ಕಿರೋದು ಇವನವೇ. ಪುಸ್ತಕವನ್ನ ಆಮೇಲೆ ಬಂದವರು ತಿದ್ದಬಹುದು, ಹೊಸ ಅಧ್ಯಾಯ ಸೇರಿಸಬಹುದು. ಮಣ್ಣಲ್ಲಿ ಹೂತ ನಾಣ್ಯವನ್ನ ಯಾರು ತಿದ್ದಬೇಕು? ಅದಕ್ಕೇ ನಾನು ನಾಣ್ಯದಿಂದ ಸುರು ಮಾಡ್ತೀನಿ.

ಅವನ ಬೆಳ್ಳಿ ನಾಣ್ಯಕ್ಕೆ ದ್ರಾಖ್ಮ ಅಂತ ಹೆಸರು. ತೂಕ ಎರಡೂವರೆ ಗ್ರಾಂಗೆ ತುಸು ಕಮ್ಮಿ, ನಮ್ಮ ಇವತ್ತಿನ ಒಂದು ರೂಪಾಯಿಗಿಂತ ಹಗುರ. ಮುಂದಿನ ಮುಖದಲ್ಲಿ ರಾಜನ ಚಿತ್ರ. ಕೆಲವುದರಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡಾನ, ಕೆಲವುದರಲ್ಲಿ ಶಿರಸ್ತ್ರಾಣ ಹಾಕ್ಯಾನ, ಇನ್ನು ಕೆಲವುದರಲ್ಲಿ ಬೆನ್ನು ತೋರಿಸಿ ಭರ್ಚಿ ಎತ್ತಿ ನಿಂತಾನ. ಹಿಂದಿನ ಮುಖದಲ್ಲಿ ಹೆಚ್ಚಾಗಿ ಗ್ರೀಕರ ದೇವತೆ ಅಥೀನಾ, ಒಂದು ಕೈಯಲ್ಲಿ ಗುರಾಣಿ, ಇನ್ನೊಂದು ಕೈಯಿಂದ ಸಿಡಿಲು ಎಸೆಯುವ ಭಂಗಿ. ಇವಲ್ಲದೆ ಚೌಕಾಕಾರದ ಕಂಚಿನ ನಾಣ್ಯಗಳು ಅದಾವ. ಚೌಕ ನಾಣ್ಯ ಗ್ರೀಕರ ರೂಢಿ ಅಲ್ಲ, ಈ ನೆಲದ ರೂಢಿ.

ಈಗ ಅಕ್ಷರ ನೋಡ್ರಿ. ಮುಂದಿನ ಮುಖದಲ್ಲಿ ಗ್ರೀಕ್ ಲಿಪಿ: 'ಬಸಿಲೇಓಸ್ ಸೋತೇರೋಸ್ ಮೆನಾಂದ್ರೂ'. ರಕ್ಷಕನಾದ ರಾಜ ಮೆನಾಂಡರನದು, ಅಂತ ಅರ್ಥ. ಹಿಂದಿನ ಮುಖದಲ್ಲಿ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿ, ಪ್ರಾಕೃತ ಭಾಷೆ: 'ಮಹರಜಸ ತ್ರತರಸ ಮೆನಂದ್ರಸ'. ಅದೇ ಅರ್ಥ. ಆಳುವವನ ಭಾಷೆ ಒಂದು ಕಡೆ, ಆಳಿಸಿಕೊಳ್ಳುವವರ ಭಾಷೆ ಇನ್ನೊಂದು ಕಡೆ, ಎರಡೂ ಒಂದೇ ತುಂಡು ಬೆಳ್ಳಿ ಮೇಲೆ. ಇದನ್ನ ಸುರು ಮಾಡಿದವನು ಮೆನಾಂಡರ್ ಅಲ್ಲ. ಅವನಿಗಿಂತ ಮೊದಲು ಅಗಾಥೋಕ್ಲೀಸ್, ಅಪೊಲೊಡೋಟಸ್ ಅನ್ನೋ ರಾಜರು ಮಾಡಿದ್ದರು. ಮೆನಾಂಡರ್ ಅದನ್ನ ಊರೂರಿಗೆ ಮುಟ್ಟಿಸಿದ.

ನಾನು ಆಫೀಸಿನ ಗುಮಾಸ್ತ. ನನ್ನ ಕೆಲಸ ದಿನಾ ಕಾಗದಕ್ಕೆ ಶಿಕ್ಕಾ ಹೊಡೆಯೋದು. ನಾಣ್ಯನೂ ಒಂದು ಶಿಕ್ಕಾನೇ, ನಮ್ಮದು ಶಾಯಿಯಲ್ಲಿ, ಅವರದು ಬೆಳ್ಳಿಯಲ್ಲಿ. ಶಿಕ್ಕಾದ ಮೇಲೆ ಯಾವ ಭಾಷೆ ಇರಬೇಕು ಅನ್ನೋದು ಸಣ್ಣ ಪ್ರಶ್ನೆ ಅಲ್ಲ ಅಂತ ಗಡಿಭಾಗದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವ ಜನ ನಾವು. ಅರ್ಜಿ ಯಾವ ಭಾಷೆಯಲ್ಲಿ ಬರೆಯಬೇಕು ಅಂತ ಗೊತ್ತಾಗದೆ ಕೌಂಟರಿನ ಮುಂದ ನಿಂತ ಮುದುಕರನ್ನ ನಾನು ದಿನಾ ನೋಡ್ತೀನಿ. ಹೊರಗಿಂದ ಬಂದು ಗೆದ್ದ ರಾಜನಿಗೆ ಈ ನೆಲದ ಲಿಪಿಯಲ್ಲಿ ತನ್ನ ಹೆಸರು ಬರೆಸಬೇಕು ಅನ್ನಿಸಿತು. ಅದು ಪ್ರೀತಿಯಿಂದ ಅಲ್ಲದಿರಬಹುದು. ನಾಣ್ಯ ನಡೀಬೇಕಂದರೆ ಜನ ಅದನ್ನ ಗುರುತಿಸಬೇಕು, ಅಷ್ಟೇ ಲೆಕ್ಕ ಇರಬಹುದು. ಆದರೂ ಅಷ್ಟು ಲೆಕ್ಕ ಸುದ್ದಾ ಆಮೇಲಿನ ಎಷ್ಟೋ ರಾಜರಿಗೆ ಬರಲಿಲ್ಲ.

ಈ ಎರಡು ಲಿಪಿಯಿಂದ ಆದ ದೊಡ್ಡ ಉಪಕಾರ ಒಂದೈತಿ. 1830ರ ದಶಕದಲ್ಲಿ ಕಲ್ಕತ್ತಾ ಟಂಕಸಾಲೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಅಂತ ಒಬ್ಬ ಅಧಿಕಾರಿ ಇದ್ದ. ಲೋಹದ ಶುದ್ಧಿ ಪರೀಕ್ಷೆ ಮಾಡೋದು ಅವನ ನೌಕರಿ. ಆ ಹೊತ್ತಿಗೆ ಬ್ರಾಹ್ಮಿ, ಖರೋಷ್ಠಿ ಓದಬಲ್ಲವರು ಈ ದೇಶದಲ್ಲಿ ಒಬ್ಬರೂ ಉಳಿದಿರಲಿಲ್ಲ. ಗ್ರೀಕ್ ಅಕ್ಷರ ಗೊತ್ತಿತ್ತು, ಹಿಂದಿನ ಮುಖದಲ್ಲಿ ಅದೇ ಹೆಸರು ಇರಬೇಕು, ಅಂತ ಈ ರಾಜರ ನಾಣ್ಯ ಹಿಡಿದುಕೊಂಡು ಖರೋಷ್ಠಿಯ ಬೀಗ ತೆಗೆದರು. ಬ್ರಾಹ್ಮಿಯ ಕೆಲವು ಅಕ್ಷರ ಅಗಾಥೋಕ್ಲೀಸನ ನಾಣ್ಯದಿಂದ ಸಿಕ್ಕವು. 1837ರಲ್ಲಿ ಪ್ರಿನ್ಸೆಪ್ ಸಾಂಚಿಯ ಕಲ್ಲುಕಟಕಟೆಯ ಮೇಲಿನ ಸಣ್ಣ ಸಣ್ಣ ಬರಹ ನೋಡ್ತಾ, ಎಲ್ಲದರ ಕೊನೆಗೂ ಬರುವ ಪದ 'ದಾನಂ' ಇರಬೇಕು ಅಂತ ಊಹಿಸಿದ. ಬ್ರಾಹ್ಮಿ ಪೂರ್ತಿ ತೆರೀತು. ಅಶೋಕನ ಶಾಸನ ಮಾತಾಡಿದವು. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ 'ಅಶೋಕ' ಅನ್ನೋ ಹೆಸರೇ ಇತ್ತು. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಗಟ್ಟಿಯಾಯ್ತು. ನಮ್ಮ ಚಳವಳಿ ಎತ್ತಿ ಹಿಡಿದ ಅಶೋಕಚಕ್ರದ ಅಶೋಕ ಇತಿಹಾಸಕ್ಕೆ ಮರಳಿ ಬಂದ ದಾರಿಯಲ್ಲಿ ಈ ಯವನ ರಾಜರ ನಾಣ್ಯ ಒಂದು ಮೆಟ್ಟಿಲು. ಸಾಂಚಿಯಲ್ಲಿ ಕೀಲಿಯಾದ ಆ 'ದಾನಂ' ಬರೆಸಿದವರಲ್ಲಿ ಸಾಮಾನ್ಯ ಜನ, ಹೆಂಗಸರು, ಕುಶಲಕರ್ಮಿಗಳು ಇದ್ದರು ಅನ್ನೋದನ್ನೂ ನೆನಪಿಡ್ರಿ.

ಈಗ ಫಾರ್ವರ್ಡಿನ ಚಕ್ರಕ್ಕೆ ಬರೋಣ. ಮೆನಾಂಡರನ ಒಂದು ಬಗೆಯ ಕಂಚಿನ ನಾಣ್ಯದ ಮೇಲೆ ಎಂಟು ಅರದ ಚಕ್ರ ಇರೋದು ಖರೆ. ಹಿಂದೆ ಗ್ರೀಕರ ವಿಜಯದ ಗುರುತಾದ ತಾಳೆಗರಿ. ಇದು ಧಮ್ಮಚಕ್ರ ಅಂತ ಅನೇಕ ವಿದ್ವಾಂಸರು ಹೇಳ್ತಾರ, ಚಕ್ರವರ್ತಿಯ ಚಕ್ರ ಇರಬಹುದು ಅಂತ ಇನ್ನು ಕೆಲವರು. ಆದರೆ ಅವನ ಬಹುಪಾಲು ನಾಣ್ಯಗಳಲ್ಲಿ ಇರೋದು ಅಥೀನಾ. ಕೆಲವುದರಲ್ಲಿ ಅವಳ ಗೂಬೆ, ಕೆಲವುದರಲ್ಲಿ ಆನೆಯ ತಲೆ ಮತ್ತು ಹೆರಾಕ್ಲೀಸನ ಗದೆ. ಬುದ್ಧನ ಮೂರ್ತಿ ಯಾವುದರಲ್ಲೂ ಇಲ್ಲ.

'ಧ್ರಮಿಕಸ', ಅಂದರೆ ಧಾರ್ಮಿಕನದು, ಅಂತ ಬರೆದ ಮೆನಾಂಡರ್ ನಾಣ್ಯನೂ ಗ್ರೂಪಿನಲ್ಲಿ ಓಡಾಡ್ತೈತಿ. ಅದು ಈ ಮೆನಾಂಡರನದಲ್ಲ. ಅದೇ ಹೆಸರಿನ ಇನ್ನೊಬ್ಬ, ಹಲವು ದಶಕ ಆಮೇಲೆ ಬಂದ ಎರಡನೇ ಮೆನಾಂಡರನದು ಅಂತ ನಾಣ್ಯಶಾಸ್ತ್ರಜ್ಞರು ಬೇರೆ ಮಾಡ್ಯಾರ. ಬಿರುದು ಬೇರೆ, ಮುಖ ಬೇರೆ, ಅಕ್ಷರದ ಶೈಲಿ ಬೇರೆ. ಬಜೌರ್ ಸೀಮೆಯಲ್ಲಿ ಸಿಕ್ಕ, ಬುದ್ಧನ ಅಸ್ಥಿ ಇಟ್ಟ ಕರಂಡಕದ ಮೇಲೆ 'ಮಿನೇದ್ರ ಮಹಾರಾಜ'ನ ಹೆಸರು ಇತ್ತು ಅಂತ 1937ರಲ್ಲಿ ಪ್ರಕಟ ಆಯ್ತು. ಅದರ ಕೆಲವು ಬರಹ ನಂಬಲರ್ಹವೇ ಅಂತ ಇತ್ತೀಚಿನ ವಿದ್ವಾಂಸರು ಪ್ರಶ್ನೆ ಎತ್ತಿದ್ದಾರೆ.

ಪಾಲಿ ಪುಸ್ತಕದ ಕೊನೆಯಲ್ಲಿ ಮಿಲಿಂದ ಮಗನಿಗೆ ರಾಜ್ಯ ಕೊಟ್ಟು ಭಿಕ್ಖುವಾಗಿ ಅರಹಂತನಾದ ಅಂತ ಐತಿ. ಪ್ಲುಟಾರ್ಕ್ ನೋಡಿದರೆ ದಂಡಿನಲ್ಲಿ ಸತ್ತ ಅಂತಾನ. ಎರಡೂ ಒಟ್ಟಿಗೆ ಖರೆ ಆಗೋದು ಕಷ್ಟ. ಇದೇ ಪುಸ್ತಕದ ಹಳೇ ಚೀನೀ ಅನುವಾದದಲ್ಲಿ ಪಾಲಿಯ ಮೊದಲ ಭಾಗಗಳಿಗೆ ಹೊಂದುವಷ್ಟೇ ಐತಿ. ಮುಂದಿನ ಭಾಗಗಳನ್ನ ಆಮೇಲೆ ಸೇರಿಸಿದ್ದು ಅನ್ನೋದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಹಂಗಾದರೆ ಏನು ಉಳೀತು? ಬೌದ್ಧರಿಗೆ ಆಸರೆಯಾದ, ಬೌದ್ಧರು ತಮ್ಮವನು ಅಂತ ನೆನಪಿಟ್ಟುಕೊಂಡ, ಆದರೆ ತನ್ನ ನಾಣ್ಯದಲ್ಲಿ ಗ್ರೀಕ್ ದೇವತೆಯನ್ನ ಬಿಡದ ಒಬ್ಬ ರಾಜ. 'ಬೌದ್ಧ ಸಾಮ್ರಾಟ' ಅನ್ನೋದಕ್ಕಿಂತ ಇದು ಕಮ್ಮಿ ಅಂತ ಕೆಲವರಿಗೆ ಬೇಜಾರಾಗಬಹುದು. ಬೇಜಾರಾಗಬ್ಯಾಡ್ರಿ. ಬಾಬಾಸಾಹೇಬರು ಮಿಲಿಂದನ ಹೆಸರು ಎಲ್ಲಿಗೆ ಇಟ್ಟರು ನೆನಪಿಸಿಕೊಳ್ರಿ.

1945ರಲ್ಲಿ ಅವರು ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು. 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು. 1950ರಲ್ಲಿ ಔರಂಗಾಬಾದಿನಲ್ಲಿ, ನಿಜಾಮನ ಆಳ್ವಿಕೆಯಿಂದ ಆಗಷ್ಟೇ ಹೊರಬಂದ, ಕಾಲೇಜೇ ಅಪರೂಪವಾಗಿದ್ದ ಮರಾಠವಾಡದಲ್ಲಿ ಇನ್ನೊಂದು. ಅದೇ ಮಿಲಿಂದ ಮಹಾವಿದ್ಯಾಲಯ. ಕಾಲೇಜಿನ ಆವರಣಕ್ಕೆ ನಾಗಸೇನವನ ಅಂತ ಹೆಸರು. ಪ್ರಶ್ನೆ ಕೇಳಿದವನು ಮಿಲಿಂದ, ಉತ್ತರ ಕೊಟ್ಟ ಭಿಕ್ಖು ನಾಗಸೇನ. ಇಬ್ಬರ ಹೆಸರೂ ಒಂದೇ ಕಾಂಪೌಂಡಿನಲ್ಲಿ. ಉತ್ತರ ಕೊಡುವ ಭಿಕ್ಖುವಿನ ವನದೊಳಗ ಪ್ರಶ್ನೆ ಕೇಳುವವನ ಹೆಸರಿನ ಕಾಲೇಜು. ನಮ್ಮ ಮಕ್ಕಳು ಓದೋ ಜಾಗಕ್ಕೆ ಇದಕ್ಕಿಂತ ಒಳ್ಳೆ ಹೆಸರು ಯಾವುದಿತ್ತು?

ಆ ಪುಸ್ತಕದಲ್ಲಿ ಒಂದು ಪ್ರಸಂಗ ಐತಿ, ನನ್ನ ಮಾತಿನಲ್ಲೇ ಹೇಳ್ತೀನಿ. ಚರ್ಚೆ ಮಾಡೋಣ ಬರ್ರಿ ಅಂತ ರಾಜ ಕರೀತಾನ. ನೀವು ಪಂಡಿತರ ಹಂಗ ಚರ್ಚೆ ಮಾಡೋದಾದರೆ ಸೈ, ರಾಜರ ಹಂಗ ಆದರೆ ನಾ ಒಲ್ಲೆ, ಅಂತಾನ ನಾಗಸೇನ. ಏನು ಫರಕು? ಪಂಡಿತರು ವಾದ ಮಾಡುವಾಗ ಒಬ್ಬರ ಮಾತನ್ನ ಇನ್ನೊಬ್ಬರು ಬಿಡಿಸ್ತಾರ, ಕಟ್ಟತಾರ, ತಪ್ಪು ತೋರಿಸ್ತಾರ, ಒಪ್ಕೋತಾರ, ಸಿಟ್ಟು ಮಾಡೋದಿಲ್ಲ. ರಾಜರು ಒಂದು ಮಾತು ಹೇಳಿ, ಅದಕ್ಕ ಎದುರಾಡಿದವನಿಗೆ ಶಿಕ್ಷೆ ಕೊಡಸ್ತಾರ. ಮಿಲಿಂದ ಪಂಡಿತರ ಹಂಗೇ ಮಾತಾಡೋದಕ್ಕೆ ಒಪ್ಪತಾನ. ಕಿರೀಟ ಪಕ್ಕಕ್ಕಿಟ್ಟು ಒಬ್ಬ ಭಿಕ್ಖುವಿನ ಎದುರು ಸಮಾನನಾಗಿ ಕೂಡತಾನ.

ಆಮೇಲೆ ರಥದ ಉದಾಹರಣೆ ಬರತೈತಿ. ನಮ್ಮ ಕಡೆಯ ಚಕ್ಕಡಿ ಅಂತ ತಿಳ್ಕೋರಿ. ಗಾಲಿ ಚಕ್ಕಡಿಯೇನು? ಅಲ್ಲ. ಅಚ್ಚು? ಅಲ್ಲ. ನೊಗ? ಅಲ್ಲ. ಎಲ್ಲಾ ಕೂಡಿದಾಗ ನಾವು ಇಟ್ಟ ಹೆಸರು ಚಕ್ಕಡಿ. ಹಂಗೇ 'ನಾಗಸೇನ' ಅನ್ನೋದೂ ಒಂದು ಹೆಸರು, ಒಳಗೆ ಬದಲಾಗದೇ ಕೂತ ಆತ್ಮ ಅಂತ ಯಾವುದೂ ಇಲ್ಲ. ಓದುವಾಗ ಇದು ಬರೀ ತರ್ಕ ಅನಿಸಬಹುದು. ಆದರೆ ಹುಟ್ಟಿನಿಂದಲೇ ಒಬ್ಬನೊಳಗ ಶುದ್ಧ, ಇನ್ನೊಬ್ಬನೊಳಗ ಮೈಲಿಗೆ ಅಂಟಿಕೊಂಡೈತಿ ಅನ್ನೋ ಸಮಾಜದಲ್ಲಿ ಈ ಮಾತು ಎಲ್ಲಿ ಹೋಗಿ ಬಡೀತೈತಿ ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಇನ್ನು, ಸಿಯಾಲ್‌ಕೋಟದ ಕಥೆ ನಮಗ್ಯಾಕ, ದೂಧಗಂಗಾ ದಂಡೆಯವರಿಗೆ, ಅಂತ ಕೇಳುವವರಿಗೆ ನಾಣ್ಯ ಬಂದ ದಾರಿ ಹೇಳ್ತೀನಿ. ಕ್ರಿ.ಶ. ಮೊದಲನೇ ಶತಮಾನದಲ್ಲಿ ಒಬ್ಬ ಗ್ರೀಕ್ ವ್ಯಾಪಾರಿ ಬರೆದ 'ಪೆರಿಪ್ಲಸ್' ಅನ್ನೋ ಸಮುದ್ರಯಾನದ ಪುಸ್ತಕ ಐತಿ. ಗುಜರಾತಿನ ಭರೂಚ್ ಬಂದರದಲ್ಲಿ ಅಪೊಲೊಡೋಟಸ್ ಮತ್ತು ಮೆನಾಂಡರರ ಹಳೇ ದ್ರಾಖ್ಮಗಳು ಇನ್ನೂ ಸಿಗ್ತಾವ ಅಂತ ಅವನು ಬರೀತಾನ. ರಾಜ ಸತ್ತು ಹತ್ತಿರ ಹತ್ತಿರ 200 ವರ್ಷ ಆಗಿತ್ತು. ಆ ಭರೂಚಿನಿಂದ ದಖ್ಖನಿನ ಪೈಠಣ, ತೇರ್ ಕಡೆ ಹೆದ್ದಾರಿ ಇತ್ತು. ಭರೂಚ್ ಸೀಮೆ ಆಳಿದ ಶಕ ಕ್ಷತ್ರಪ ನಹಪಾನ ಅದೇ ತೂಕದ ಬೆಳ್ಳಿ ನಾಣ್ಯ ಹೊಡೆಸಿದ, ತನ್ನ ಮುಖದ ಸುತ್ತ ಗ್ರೀಕ್ ಅಕ್ಷರ ಬರೆಸಿದ. ಸಾತವಾಹನ ರಾಜ ಗೌತಮಿಪುತ್ರ ಶಾತಕರ್ಣಿ ನಹಪಾನನನ್ನ ಸೋಲಿಸಿ ಆ ನಾಣ್ಯಗಳ ಮೇಲೇ ತನ್ನ ಮುದ್ರೆ ಹೊಡೆಸಿದ. 1906ರಲ್ಲಿ ನಾಸಿಕ್ ಹತ್ತಿರದ ಜೋಗಲ್‌ತೆಂಭಿಯಲ್ಲಿ ಸಿಕ್ಕ 13,000ಕ್ಕೂ ಹೆಚ್ಚು ನಾಣ್ಯಗಳ ನಿಧಿಯಲ್ಲಿ ಮೂರರಲ್ಲಿ ಎರಡು ಪಾಲು ಹಿಂಗೆ ಮರುಮುದ್ರೆ ಆದವು. ಅವನ ನಂತರದ ಸಾತವಾಹನರು ತಮ್ಮ ಮುಖವಿರುವ ಬೆಳ್ಳಿ ನಾಣ್ಯ ಹೊಡೆಸಿದಾಗ ಒಂದು ಕಡೆ ಪ್ರಾಕೃತ, ಇನ್ನೊಂದು ಕಡೆ ದ್ರಾವಿಡ ಭಾಷೆ ಬರೆಸಿದರು. ಎರಡು ಭಾಷೆಯ ಶಿಕ್ಕಾ ದಖ್ಖನಿಗೆ ಬಂತು.

ಅದೇ ಕಾಲದಲ್ಲಿ ನಮ್ಮ ಪಕ್ಕದ ಕೊಲ್ಲಾಪುರ ಸೀಮೆಯಲ್ಲಿ ಕುರ ಅನ್ನೋ ಮನೆತನದ ರಾಜರು ಇದ್ದರು. ವಾಸಿಠಿಪುತ ವಿಳಿವಾಯಕುರ, ಮಾಢರಿಪುತ ಸಿವಲಕುರ, ಗೋತಮಿಪುತ ವಿಳಿವಾಯಕುರ. ಮೂರೂ ಹೆಸರಿನ ಮುಂದ ತಾಯಿಯ ಗುರುತು ಐತಿ, ನೋಡ್ರಿ. ಅವರ ನಾಣ್ಯದ ಮೇಲೆ ಬಿಲ್ಲು ಬಾಣ, ಕಟಕಟೆಯೊಳಗಿನ ಮರ, ಕಮಾನು ಕಮಾನಾಗಿ ಪೇರಿಸಿದ ಬೆಟ್ಟ. ಈ ಬೆಟ್ಟವನ್ನ ಚೈತ್ಯ ಅಂತಲೂ ಕರೀತಾರ. ಎರಡನೇ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ 'ಬಲೆಯೋಕೂರೋಸ್' ಅಂತ ಬರೆದದ್ದು ಈ ವಿಳಿವಾಯಕುರನನ್ನೇ ಅಂತ ವಿದ್ವಾಂಸರು ಗುರುತಿಸ್ತಾರ. 1945-46ರಲ್ಲಿ ಸಂಕಾಲಿಯಾ ಮತ್ತು ದೀಕ್ಷಿತ್ ಅವರು ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬ ಅಗೆಸಿದರು. ಸಾತವಾಹನರ ಕಾಲದ ಊರು ಹೊರಗೆ ಬಂತು. ಆ ದಿಬ್ಬದಲ್ಲೇ ರೋಮನ್ ಕಾಲದ ಸಮುದ್ರದೇವತೆ ಪೊಸೈಡನ್‌ನ ಕಂಚಿನ ಮೂರ್ತಿ ಸಿಕ್ಕಿತ್ತು. ಇತ್ತ ಬೆಳಗಾವಿಯ ವಡಗಾಂವ-ಮಾಧವಪುರದಲ್ಲೂ ಸಾತವಾಹನರ ಕಾಲದ ಪಟ್ಟಣ ಮಣ್ಣಿನಿಂದ ಎದ್ದು ಬಂದೈತಿ. ಈ ಎರಡು ಊರಿನ ನಡುವಿನ ಜನ ನಾವು. ಆ ಕಾಲದ ಜಗತ್ತಿನ ವ್ಯವಹಾರದಿಂದ ದೂರ ಉಳಿದ ಮೂಲೆ ಇದಾಗಿರಲಿಲ್ಲ.

ಅದೇ ದಾರಿಯಲ್ಲಿ ದುಡ್ಡಿನ ಜೊತೆ ಧಮ್ಮನೂ ನಡೆದು ಬಂತು. ಪುಣೆ ಜಿಲ್ಲೆಯ ಕಾರ್ಲೆ ಗುಹೆಯ ಕಂಬಗಳನ್ನ ದಾನ ಕೊಟ್ಟವರಲ್ಲಿ ಧೇನುಕಾಕಟದ ಯವನರು ಅದಾರ, ಹೆಸರು ಕಂಬದ ಮೇಲೇ ಕೆತ್ತೈತಿ. ನಾಸಿಕ್ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತನ ಶಾಸನ ಐತಿ. 3,000 ಕಾರ್ಷಾಪಣವನ್ನ ಗೋವರ್ಧನದ ನೇಕಾರರ ಎರಡು ಸಂಘಗಳಲ್ಲಿ ಠೇವಣಿ ಇಟ್ಟ, 2,000 ಒಂದರಲ್ಲಿ, 1,000 ಇನ್ನೊಂದರಲ್ಲಿ. ಅಸಲು ಮುಟ್ಟಬಾರದು, ಬಡ್ಡಿಯಿಂದ ಭಿಕ್ಖುಗಳಿಗೆ ಚೀವರ ಮತ್ತು ಖರ್ಚು. ರಾಜನ ಅಳಿಯ ದುಡ್ಡು ನಂಬಿ ಇಟ್ಟದ್ದು ನೇಕಾರರ ಕೈಯಲ್ಲಿ. ಮಗ್ಗದ ಮುಂದ ಕೂತವರಿಗೆ ಆಗ ಇದ್ದ ಆ ಪತ್ತು ಆಮೇಲೆ ಎಲ್ಲಿ ಹೋಯ್ತು?

ಇದಕ್ಕೆ ಎದುರಾಗಿ ಮನುಸ್ಮೃತಿಯ ಹತ್ತನೇ ಅಧ್ಯಾಯ ಇಟ್ಟು ನೋಡ್ರಿ. ಯವನರು, ಶಕರು, ಕಾಂಬೋಜರು ಮೂಲದಲ್ಲಿ ಕ್ಷತ್ರಿಯರಂತೆ. ಕರ್ಮ ಬಿಟ್ಟಿದ್ದಕ್ಕೆ, ಬ್ರಾಹ್ಮಣರ ಸಂಪರ್ಕ ಬಿಟ್ಟಿದ್ದಕ್ಕೆ ವೃಷಲರಾಗಿ ಕೆಳಗೆ ಬಿದ್ದರಂತೆ. ಅದೇ ಪಟ್ಟಿಯಲ್ಲಿ ದ್ರಾವಿಡರ ಹೆಸರೂ ಐತಿ. ಅಂದರೆ ಮೆನಾಂಡರನಂಥ ರಾಜನನ್ನ ಈ ವ್ಯವಸ್ಥೆ ನೋಡಿದ್ದು ಒಂದೇ ಕಣ್ಣಿನಿಂದ: ಇವನು ನಮ್ಮ ಏಣಿಯ ಯಾವ ಮೆಟ್ಟಿಲ ಮೇಲೆ? ಪುರಾಣದಲ್ಲಿ ಅವನ ಹೆಸರು ಯಾಕಿಲ್ಲ ಅನ್ನೋದಕ್ಕೆ ಸುಳಿವು ಇಲ್ಲೇ ಐತಿ ಅಂತ ನನಗನಿಸ್ತೈತಿ.

ಹಾಗಂತ ಗ್ರೀಕರು ಸಮಾನತೆಯ ಜನ ಅಂತ ಬರೀಬ್ಯಾಡ್ರಿ. ಮಜ್ಝಿಮ ನಿಕಾಯದ ಅಸ್ಸಲಾಯನ ಸುತ್ತದಲ್ಲಿ ಬುದ್ಧ ಬ್ರಾಹ್ಮಣ ತರುಣನಿಗೆ ಯೋನ ದೇಶದ ಉದಾಹರಣೆ ಕೊಡ್ತಾನ. ಅಲ್ಲಿ ನಾಲ್ಕು ವರ್ಣ ಇಲ್ಲ, ಎರಡೇ: ಒಡೆಯ ಮತ್ತು ದಾಸ. ಒಡೆಯ ದಾಸ ಆಗಬಹುದು, ದಾಸ ಒಡೆಯ ಆಗಬಹುದು. ವರ್ಣ ಅನ್ನೋದು ಹುಟ್ಟಿನ ನಿಯಮ ಅಲ್ಲ, ಮನುಷ್ಯರ ಏರ್ಪಾಡು ಅಂತ ತೋರಿಸೋದಕ್ಕೆ ಅದು ಸಾಕು. ಆದರೆ ಅಲ್ಲಿ ದಾಸರು ಇದ್ದರು ಅನ್ನೋದೂ ಅದೇ ಮಾತಿನಲ್ಲೇ ಐತಿ. ಮೆನಾಂಡರ್ ನಾಣ್ಯದ ಬೆಳ್ಳಿಯನ್ನ ಗಣಿಯಿಂದ ತೆಗೆದವರ ಹೆಸರು ನಾಣ್ಯದ ಯಾವ ಮುಖದಲ್ಲೂ ಇಲ್ಲ.

ಇನ್ನೊಂದು ಕಥೆ, ಇದೂ ಫಾರ್ವರ್ಡ್ ಆಗತೈತಿ. ಶುಂಗ ರಾಜ ಪುಷ್ಯಮಿತ್ರ ಇದೇ ಸಾಕಲಕ್ಕೆ, ಅಂದರೆ ಸಿಯಾಲ್‌ಕೋಟಕ್ಕೆ ಬಂದು, ಒಬ್ಬ ಶ್ರಮಣನ ತಲೆಗೆ 100 ದೀನಾರ ಅಂತ ಸಾರಿದನಂತೆ. 'ದಿವ್ಯಾವದಾನ' ಅನ್ನೋ ಬೌದ್ಧ ಗ್ರಂಥದ ಕಥೆ ಇದು. ಬಾಬಾಸಾಹೇಬರೂ ಇದನ್ನ ಉಲ್ಲೇಖಿಸ್ತಾರ. ಎದುರಿನವರು ಇಲ್ಲಿ ಒಂದು ಪ್ರಶ್ನೆ ಹಾಕ್ತಾರ: ದೀನಾರ ಅನ್ನೋದು ರೋಮನರ ದೆನಾರಿಯಸ್‌ನಿಂದ ಬಂದ ಪದ, ಆ ನಾಣ್ಯ ಭಾರತಕ್ಕೆ ಹೇರಳವಾಗಿ ಬಂದದ್ದು ಕ್ರಿಸ್ತಶಕದ ಆರಂಭದ ಹೊತ್ತಿಗೆ, ಪುಷ್ಯಮಿತ್ರ ಅದಕ್ಕೂ 150 ವರ್ಷ ಹಿಂದಿನವನು, ಹಂಗಾದರೆ ಹೆಂಗ? ಪ್ರಶ್ನೆ ಸರಿಯಾಗೈತಿ. ಕಥೆ ಈ ರೂಪದಲ್ಲಿ ಬರಹಕ್ಕೆ ಬಂದದ್ದು ಆಮೇಲೆ, ಬರೆಯುವವರು ತಮ್ಮ ಕಾಲದ ನಾಣ್ಯದ ಹೆಸರು ಹಾಕಿದರು ಅಂತ ನಾವೇ ಮೊದಲು ಹೇಳಿಬಿಡಬೇಕು. ಭಿಕ್ಖುಗಳು ಹೊತ್ತುಕೊಂಡು ಬಂದ ಏಟಿನ ನೆನಪು ಒಂದು, ಆ ಹೊತ್ತಿನ ದಾಖಲೆ ಇನ್ನೊಂದು. ಪ್ರತಿಕ್ರಾಂತಿಯ ಬಗ್ಗೆ ಬಾಬಾಸಾಹೇಬರ ವಾದ ಈ ಒಂದು ಕಥೆಯ ಮೇಲೆ ನಿಂತಿಲ್ಲ. ಮನುಸ್ಮೃತಿಯನ್ನ ಅಧ್ಯಾಯ ಅಧ್ಯಾಯವಾಗಿ ಬಿಚ್ಚಿಟ್ಟ ವಾದ ಅದು. ನಾವು ಒಂದು ಹಗುರ ಕಲ್ಲನ್ನ ತಳಪಾಯ ಅಂತ ತೋರಿಸಿದರೆ, ಅವರು ಅದನ್ನ ಕಿತ್ತು ಮನೆಯೇ ಬಿತ್ತು ಅಂತ ಕೂಗ್ತಾರ.

ನಾಣ್ಯವನ್ನ ಹಿಂಗ ಕೂತು ಪರೀಕ್ಷೆ ಮಾಡೋದು ನಮ್ಮ ಪರಂಪರೆಗೆ ಹೊಸದಲ್ಲ. ಬಾಬಾಸಾಹೇಬರು 1923ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕವೇ ರೂಪಾಯಿ ಸಮಸ್ಯೆಯ ಬಗ್ಗೆ. ಈ ದೇಶದ ಬೆಳ್ಳಿ ರೂಪಾಯಿಯ ಹುಟ್ಟು, ಬೆಲೆ, ಕುಸಿತ ಎಲ್ಲವನ್ನೂ ದಾಖಲೆ ಇಟ್ಟು ಬರೆದರು. 1925ರ ಏಪ್ರಿಲ್‌ನಲ್ಲಿ ಅವರು ನಮ್ಮ ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದ ಕೂತು ರೂಪಾಯಿ ಬಗ್ಗೆ ಸಾಕ್ಷಿ ನುಡಿದರು. ನಿಪ್ಪಾಣಿಯಲ್ಲಿ ನಮ್ಮ ಹಿರಿಯರ ಎದುರು ನಿಂತ ಮನುಷ್ಯನೇ ರಾಜನ ಆಯೋಗದ ಎದುರೂ ಕೂತದ್ದು. ಎರಡೂ ಕಡೆ ಅವರ ಕೈಯಲ್ಲಿದ್ದದ್ದು ಪುರಾವೆ. 1990ರಲ್ಲಿ ಸರ್ಕಾರ ಅವರ ಮುಖವಿರುವ ಒಂದು ರೂಪಾಯಿ ನಾಣ್ಯ ಹೊರಡಿಸಿತು, 2015ರಲ್ಲಿ 10 ಮತ್ತು 125 ರೂಪಾಯಿಯದು. ನಾಣ್ಯದ ಮೇಲೆ ಮುಖ ಬಂದದ್ದು ಸಂತೋಷ. ಆದರೆ ಮುಖ ಒತ್ತಿದವರೆಲ್ಲ ಮಾತು ಒಪ್ಪಿದವರಲ್ಲ ಅನ್ನೋದನ್ನ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಕೊನೆಗೆ ಮೂರು ಕೆಲಸ ಹೇಳಿ ಮುಗಿಸ್ತೀನಿ.

ಒಂದು, ರಜಾ ಇದ್ದಾಗ ಮಕ್ಕಳನ್ನ ಕೊಲ್ಲಾಪುರದ ಟೌನ್ ಹಾಲ್ ಮ್ಯೂಸಿಯಂಗೆ ಕರಕೊಂಡು ಹೋಗ್ರಿ. ಬ್ರಹ್ಮಪುರಿಯಲ್ಲಿ ಸಿಕ್ಕ ವಸ್ತುಗಳು ಅಲ್ಲಿ ಅದಾವ. ಮಹಾಲಕ್ಷ್ಮಿ ಗುಡಿಗೆ, ರಂಕಾಳಕ್ಕೆ ಹೋಗುವ ಬಸ್ಸೇ ಅಲ್ಲಿಗೂ ಹೋಗತೈತಿ.

ಎರಡು, ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಅರ್ಧ ತಾಸು ಮಿಲಿಂದನ ಪ್ರಶ್ನೆಗಳನ್ನ ಓದಿಸ್ರಿ. ಉತ್ತರ ಓದುವ ಮೊದಲು ಪ್ರಶ್ನೆಗೆ ನಿಲ್ಲಿಸಿ ಹುಡುಗ ಹುಡುಗಿಯರನ್ನ ಕೇಳ್ರಿ, ನೀ ಏನಂತಿ ಅಂತ. ಅವರು ಎದುರು ಮಾತಾಡಿದರೆ ಬೈಬ್ಯಾಡ್ರಿ.

ಮೂರು, ನಾನು ಬರೆದದ್ದನ್ನೂ ಹಂಗೇ ನೋಡ್ರಿ. ಇಲ್ಲಿರುವ ಒಂದೊಂದು ಇಸವಿ, ಒಂದೊಂದು ಹೆಸರು ತಾಳೆ ಹಾಕ್ರಿ. ಒಪ್ಪಿಗೆ ಆಗದಿದ್ದರೆ ಕಾಮೆಂಟಿನಲ್ಲಿ ಪುರಾವೆ ಇಟ್ಟು ವಾದ ಮಾಡ್ರಿ, ಪಂಡಿತರ ಹಂಗ. ರಾಜರ ಹಂಗ ಬ್ಲಾಕ್ ಮಾಡೋ ಪದ್ಧತಿ ನನ್ನದಲ್ಲ.

ನಮೋ ಬುದ್ಧಾಯ. ಜೈಭೀಮ್.